ಟೈಮ್‌ಔಟ್ ತೆಗೆದವಳು ನಾನು: ಬೆಟ್ಟಸ್ವಾಮಿಯವರ ನಿವೃತ್ತಿಯ ಸಂದರ್ಭದಲ್ಲಿ

ಯಂತ್ರಗಳು ಒಂದನ್ನೊಂದು ವಿಚಾರಿಸಿಕೊಳ್ಳಲು ಬೇಕಾದ ಮೆಸೇಜಿಂಗ್ ಲೈಬ್ರರಿ ಎಂಬ ತಂತ್ರಾಂಶವನ್ನು ನಂಜನಗೂಡಿನಲ್ಲೇ ಕುಳಿತು ಕಟ್ಟಿ, ಇಪ್ಪತ್ತೆಂಟು ವರ್ಷ ಕಾಪಾಡಿದ ಮಾನ್ಯ ಶ್ರೀ ಬೆಟ್ಟಸ್ವಾಮಿಯವರು ನಮ್ಮ ಕ್ಷೇತ್ರದ ಹಿರಿಯರು. ತಗಡೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಅವರ ಕೈಕೆಳಗೆ ಕೆಲಸ ಕಲಿತ ಭಾಗ್ಯ ನನ್ನದು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಒಂದು ತಿಂಗಳು ನನ್ನ ಕೆಲಸವನ್ನೂ ತಾವೇ ಮಾಡಿ, ಅದನ್ನು ಯಾರಿಗೂ ಹೇಳದೆ ಉಳಿದವರು ಅವರು.

ನದಿಯ ನೀರಿನ ಮಟ್ಟ ಅಳೆದು, ಏರಿದರೆ ಸೈರನ್ ಕೂಗಿ ತಿಳಿಸುವ ವ್ಯವಸ್ಥೆ ನಮ್ಮದಾಗಿತ್ತು. ನಂಜನಗೂಡಿನ ಕಂಪ್ಯೂಟರು ಮೊದಲು ತಿ. ನರಸೀಪುರದ ಮಾಪಕವನ್ನು ಕೇಳಿ, ಉತ್ತರ ಬರುವ ತನಕ ನಿಂತು, ಆಮೇಲೆ ಮೇಲ್ದಂಡೆಯ ಮಾಪಕವನ್ನು ಕೇಳುತ್ತಿತ್ತು. ಹೀಗೆ ನಿಂತು ಕಾಯುವ ಪ್ರತಿಯೊಂದು ಕರೆಗೂ ಟೈಮ್‌ಔಟ್, ಅಂದರೆ ಕಾಯುವುದಕ್ಕೊಂದು ಗಡುವು, ಇರಲೇಬೇಕೆಂಬುದು ಅವರ ಹಟ.

"ಉತ್ತರ ಬರ್ನಿಲ್ವಾ, ಮುಂದ್ಕೋಗ್ಬೇಕು ಕಣಮ್ಮ ಕೋಮಲಾ. ಒಬ್ರು ಬಾಯಿ ಬುಡ್ನಿಲ್ಲ ಅಂತ ಊರೆಲ್ಲಾ ನಿಂತ್ಕೊಂಡ್ರೆ ಆಯ್ತದಾ?" ಎನ್ನುತ್ತಿದ್ದರು.

ತಿ. ನರಸೀಪುರದ ಲೈನು ನಿಧಾನವೆಂದು ಬೇಸತ್ತು, ಪರೀಕ್ಷೆಗಾಗಿ ಆ ಗಡುವನ್ನು ತೆಗೆದವಳು ನಾನು. ಮತ್ತೆ ಹಾಕಲು ಮರೆತೆ. ನನ್ನನ್ನು ನಂಬಿ ಅವರು ಪ್ರೋಗ್ರಾಮನ್ನು ಪರಿಶೀಲಿಸದೆಯೇ ಒಪ್ಪಿಗೆಯ ಸಹಿ ಮಾಡಿದರು.

ಏಳು ವರ್ಷಗಳ ಹಿಂದೆ ಶ್ರಾವಣದ ಒಂದು ದಿನ ತಿ. ನರಸೀಪುರದ ಮಾಪಕ ಕೆಟ್ಟು ನಿಂತಿತು. ನಮ್ಮ ಕಂಪ್ಯೂಟರು ಅದರ ಉತ್ತರಕ್ಕೆ ಕಾಯುತ್ತಲೇ ಇತ್ತು. ಮೇಲ್ದಂಡೆಯಲ್ಲಿ ನೀರು ಏರಿದ್ದನ್ನು ಅದು ಕೇಳಲೂ ಇಲ್ಲ, ಸೈರನ್ ಕೂಗಲೂ ಇಲ್ಲ. ಆ ಮಧ್ಯಾಹ್ನ ಹೊಳೆದಂಡೆಯಲ್ಲಿ ಕಟ್ಟಿದ್ದ ಹಸು ಬಿಚ್ಚಲು ಹೋದ ರೈತ ಚಾಮಯ್ಯ ತಿರುಗಿ ಬರಲಿಲ್ಲ.

ವಿಚಾರಣೆಯಲ್ಲಿ ಬೆಟ್ಟಸ್ವಾಮಿಯವರು "ಸಹಿ ನನ್ನದು, ತಪ್ಪೂ ನನ್ನದೇ" ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅವರಿಗೆ ಬರಬೇಕಿದ್ದ ಬಡ್ತಿ ನನಗೆ ಬಂತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಅವರು ಉಂಡರು. ಪ್ರತಿವರ್ಷ ಚಾಮಯ್ಯನ ತಿಥಿಯಂದು ಬೆಟ್ಟಸ್ವಾಮಿಯವರು ಆತನ ಮನೆಗೆ ಹೋಗಿ, ಜಗಲಿಯ ಮೇಲೆ ಕುಳಿತು, ಆತನ ಹೆಂಡತಿ ಮುದ್ದಮ್ಮನ ಬೈಗುಳ ಕೇಳಿಕೊಂಡು ಬರುತ್ತಿದ್ದರು.

ಈ ಲೇಖನಕ್ಕೆ ಕೈಹಾಕಿದಾಗ ಹೊಗಳಿಕೆಯ ಒಂದು ಸಾಲನ್ನೂ ಬರೆಯಲಾಗಲಿಲ್ಲ. ನಾಚಿಕೆಯಾಯಿತು. ಹೋದ ವಾರ ಮುದ್ದಮ್ಮನ ಬಳಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

"ಏಳ್ ವರ್ಸ ಆ ಮನ್ಸನ್ನ ಬೈದ್ನಲ್ಲಾ. ಒಂದ್ ಲೋಟ ನೀರೂ ಕೊಡ್ನಿಲ್ಲ," ಎಂದಳು. ಆಮೇಲೆ, "ನಿನ್ನ ಏನಂತ ಬೈಯ್ಲವ್ವಾ? ಇದ್ದದ್ದೆಲ್ಲಾ ಅವರ್ ಮ್ಯಾಲೇ ಮುಗ್ದೋಗದೆ."

ಪೂಜ್ಯ ಬೆಟ್ಟಸ್ವಾಮಿಯವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ, ಹೊಸಬರ ಕೋಡನ್ನು ಇನ್ನೂ ಬಹುಕಾಲ ತಿದ್ದುತ್ತಿರಲಿ. ಬರುವ ಶ್ರಾವಣದಲ್ಲಿ ಆ ಜಗಲಿಯ ಮೇಲೆ ಅವರು ಕೂರುವುದು ಬೇಡ. ನಾನು ಕೂರುತ್ತೇನೆ.