ನಿನ್ನ ಹಾಲು ಕೆಟ್ಟಿರಲಿಲ್ಲ

ಸವಿತಾ, ನಿನ್ನ ಹಾಲು ಕೆಟ್ಟಿರಲಿಲ್ಲ. ಆ ಇರುವೆಯನ್ನು ಕೊಂದದ್ದು ನಾನು, ನಿನ್ನ ಅತ್ತೆ — ಬಟ್ಟಲಿಗೆ ಹಾಕುವ ಮೊದಲೇ, ಎರಡು ಬೆರಳ ನಡುವೆ ಒತ್ತಿ.

ನಮ್ಮ ಬಸವಕಲ್ಯಾಣದ ಮನೆಯಲ್ಲಿ ಬಾಣಂತಿಯ ಹಾಲನ್ನು ಹಾಗೆಯೇ ನೋಡುತ್ತಿದ್ದರು. ಬಟ್ಟಲಿಗೆ ನಾಲ್ಕು ಹನಿ ಹಿಂಡಿ ಅದರಲ್ಲಿ ಇರುವೆ ಬಿಡುವುದು. ಈಜಿ ಮೇಲೆ ಹತ್ತಿದರೆ ಹಾಲು ಒಳ್ಳೆಯದು, ಸತ್ತರೆ ವಿಷ. ನೀನು ತಾಯಿಯಿಲ್ಲದವಳು, ಹೆರಿಗೆಗೆ ತವರಿಗೆ ಹೋಗದೆ ನನ್ನ ಕೈಗೇ ಸಿಕ್ಕಿದ್ದೆ. ಹುಟ್ಟಿದ್ದು ಹೆಣ್ಣು. ನನಗೆ ಗಂಡು ಬೇಕಿತ್ತು, ಬೇಗ ಬೇಕಿತ್ತು. ಮೊಲೆ ಕುಡಿಸುವ ತನಕ ಮತ್ತೆ ಬಸಿರು ನಿಲ್ಲುವುದಿಲ್ಲ ಎಂದು ನಂಬಿದ್ದೆ — ಅಷ್ಟಕ್ಕೇ.

"ನೋಡವಾ, ಇರಿವಿ ಸತ್ತೇ ಹೋಯ್ತು. ಈ ಹಾಲು ಕುಡಸಿದ್ರ ಕೂಸು ಉಳಿಯಂಗಿಲ್ಲ," ಎಂದೆ.

ನೀನು ಗಳಗಳನೆ ಅತ್ತುಬಿಟ್ಟೆ. ಆದರೂ ನನ್ನ ಮಾತು ಮೀರಲಿಲ್ಲ. ನಿನ್ನ ಎದೆ ಕಲ್ಲಾಗಿ ಜ್ವರ ಬಂತು, ಕುಪ್ಪಸ ತೊಯ್ದು ತೊಪ್ಪೆಯಾಯಿತು. ನೀನು ಬಚ್ಚಲಲ್ಲಿ ಕೂತು ಹಾಲನ್ನು ಹಿಂಡಿ ಚೆಲ್ಲುತ್ತಿದ್ದೆ. ಒಳಗೆ ನಿನ್ನ ಮಗಳು ಭಾಗ್ಯ, ನೀರು ಬೆರೆಸಿದ ಎಮ್ಮೆ ಹಾಲು ಒಲ್ಲದೆ ಕಿರುಚುತ್ತಿದ್ದಳು. ನಾನು ಊಟ ಮಾಡುತ್ತಿದ್ದೆ. ಹೌದು, ಹೊಟ್ಟೆ ತುಂಬ.

ಮುಂದಿನ ವರ್ಷ ಗಂಡು ಹುಟ್ಟಿತು. ನರ್ಸ್ ಕೂಸನ್ನು ಎದೆಗೆ ಹಚ್ಚಲು ಬಂದರೆ ನೀನು ಮುಖ ತಿರುಗಿಸಿದೆ — "ನಂದು ವಿಷ ಅದರಿ." ಆಗಲಾದರೂ ನಾನು ನಿಜ ಹೇಳಬಹುದಿತ್ತು. ಹೇಳಿದರೆ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲವಲ್ಲ! ಬಾಟಲಿ ಹಾಲಿಗೆ ಭೇದಿ ಹತ್ತಿ ಆ ಕೂಸು ಹೋಯಿತು. ಮಾತಾಡಿಸಲು ಬಂದವರ ಮುಂದೆ ನಿನ್ನನ್ನೇ ತೋರಿಸಿ, "ಇಕಿ ಹೊಟ್ಟ್ಯಾಗೇ ವಿಷ ಅದ" ಎಂದೆ. ನೀನು ತಲೆ ತಗ್ಗಿಸಿ ಒಪ್ಪಿಕೊಂಡೆ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆ ಬರುತ್ತದೆ.

ಮೊನ್ನೆ ಹುಮನಾಬಾದಿನ ಆಸ್ಪತ್ರೆಯಲ್ಲಿ ಭಾಗ್ಯ ಹೆತ್ತಳು. ಕೂಸನ್ನು ತಂದುಕೊಡುವಷ್ಟರಲ್ಲಿ ನೀನು ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ — "ಮೊಲಿ ಕುಡಸಬ್ಯಾಡವಾ, ನಿನ್ನ ಮೈಯಾಗೂ ನಂದೇ ರಕ್ತ ಅದ."

ಆಗ ನಾನು ಬಾಯಿ ಬಿಟ್ಟೆ. ಎಲ್ಲರೆದುರೇ ಹೇಳಿದೆ — ಇರುವೆ, ಬೆರಳು, ಎಲ್ಲ. ಇದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು.

ನೀನು ಮಗಳ ಕೈ ಬಿಟ್ಟೆ. ಕೂಸನ್ನು ಭಾಗ್ಯಳ ಎದೆಗೆ ಹಚ್ಚಿದೆ; ಅದು ಚೀಪತೊಡಗಿತು. ನೀನು ಅದನ್ನೇ ಬಹಳ ಹೊತ್ತು ನೋಡಿದೆ. ಆಮೇಲೆ ನನ್ನ ಕಡೆ ತಿರುಗಿದೆ.

"ಅತ್ತಿ, ಈ ಕೂಸಿಗಿ ನೀವು ಕೈ ಹಚ್ಚಬ್ಯಾಡ್ರಿ."

ಹಚ್ಚಿಲ್ಲ, ಸವಿತಾ. ಹಚ್ಚುವುದೂ ಇಲ್ಲ.