ಅಕ್ಕೋರು ಬಡಿಸಿದ ಎರಡನೆಯ ರೊಟ್ಟಿ

ರಾಣೆಬೆನ್ನೂರಿನ ನಮ್ಮ ಹೈಸ್ಕೂಲಿನ ಪಿ.ಟಿ. ಅಕ್ಕೋರು ನಮ್ಮನ್ನು ಏಳು ಸಲ ಗುಡ್ಡ ಹತ್ತಿಸಿದರು. ಪ್ರತಿ ಸಲವೂ ಮೇಲೆ ಎಲ್ಲರನ್ನೂ ದುಂಡಗೆ ಕೂರಿಸಿ, ಬುತ್ತಿ ಬಿಚ್ಚಿಸಿ, "ಸಾವಕಾಶ ಉಣ್ರಿ, ಗುಡ್ಡ ಎಲ್ಲೂ ಹೋಗಂಗಿಲ್ಲ" ಎನ್ನುತ್ತಿದ್ದರು.

ಏಳನೆಯ ಸಲ ಊಟದ ನಡುವೆ ಅವರಿಗೆ ಫೋನ್ ಬಂತು. ದೂರ ಹೋಗಿ ಮಾತಾಡಿ ಬಂದು, ತಮ್ಮ ರೊಟ್ಟಿಯನ್ನು ನನಗೆ ಹಾಕಿದರು.

"ಸಾಕ್ರಿ ಅಕ್ಕೋರ."

"ಇನ್ನೊಂದು ತಿನ್ನವಾ" ಎಂದು ಎರಡನೆಯದನ್ನೂ ಬಡಿಸಿದರು.

"ಬಕಾಸುರನ ತಂಗಿ ಅದಾಳ್ರಿ ಇಕಿ" ಎಂದು ಗೆಳತಿ ನಕ್ಕಳು. ಅಕ್ಕೋರು ನಗಲಿಲ್ಲ.

ಕೆಳಗಿಳಿದಾಗ ನಮ್ಮೂರು ಮೇಡ್ಲೇರಿಯಿಂದ ಕಾಕಾ ಬೈಕ್ ತಂದು ನಿಂತಿದ್ದ. ಹೊಲದ ಮೋಟರ್ ಹಚ್ಚುವಾಗ ಅಪ್ಪನಿಗೆ ಕರೆಂಟ್ ಹೊಡೆದಿತ್ತು. "ಹೋಗಿಬಿಟ್ನವಾ" ಎಂದ.

ನಾನು ಅಕ್ಕೋರ ಕಡೆ ತಿರುಗಿದೆ. "ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಮಣ್ಣಾಗೋತನಕ ನಿಮ್ಮ ಮನ್ಯಾಗ ಒಲಿ ಹಚ್ಚಂಗಿಲ್ಲ. ಕಾಕಾ ಬರೂದ್ರಾಗ ನಿನ್ನ ಹೊಟ್ಟಿ ತುಂಬ್ಲಿ ಅಂದ್ಕೊಂಡೆ."

ಅಕ್ಕೋರು ನನ್ನನ್ನು ಎತ್ತಿ ಬೈಕ್ ಮೇಲೆ ಕೂರಿಸಿ, ನನ್ನೆರಡೂ ಕೈಗಳಿಂದ ಕಾಕಾನ ನಡುವನ್ನು ಹಿಡಿಸಿದರು.