ಸಿಂಕಿಗೆ ಸುರಿದ ಬಾಟಲಿ

ಲ್ಯಾಬಿನಲ್ಲಿ ಬೆಳೆಸುವ ಮಿದುಳಿನ ಕಾಂಡಕೋಶಗಳಿಗೆ ಭಾನುವಾರವೆಂಬುದಿಲ್ಲ. ದಿನ ಬಿಟ್ಟು ದಿನ ಹಳೆಯ ಮೀಡಿಯಾ, ಅಂದರೆ ಅವುಗಳ ಪೋಷಕ ದ್ರವ, ತೆಗೆದು ಹೊಸದನ್ನು ಉಣಿಸದಿದ್ದರೆ ಸಾಯುತ್ತವೆ. ನನ್ನ ಪಿಎಚ್‌ಡಿಯ ನಾಲ್ಕು ವರ್ಷ ಈ ಊಟ ಹಾಕುವುದರಲ್ಲೇ ಕಳೆಯಿತು. ಒಂದು ಮದುವೆಗೂ ನಾನು ನಮ್ಮೂರು ವಿಜಯಪುರಕ್ಕೆ ಹೋಗಿದ್ದಿಲ್ಲ. ಸಕ್ಕರೆ ಹೆಚ್ಚಾದರೆ ಕೋಶಗಳ ಬೆಳವಣಿಗೆ ಕುಗ್ಗುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಅದಕ್ಕಾಗಿ ಒಂದೇ ಗುಲಾಬಿ ಬಣ್ಣದ ಎರಡು ಬಾಟಲಿ: ಒಂದರಲ್ಲಿ ಸಕ್ಕರೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಕೋಶಗಳ ಅರ್ಧ ತಟ್ಟೆಗಳಿಗೆ ಅದು, ಉಳಿದರ್ಧಕ್ಕೆ ಇದು.

ಒಂದು ಭಾನುವಾರ ಲೋಕಲ್ ರೈಲಿನ ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್, ದುರಸ್ತಿಗೆಂದು ರೈಲು ಬಂದ್. ವಡಾಲದಿಂದ ಲ್ಯಾಬಿಗೆ ಎರಡು ಬಸ್ಸು ಬದಲಿಸಿ ತಡವಾಗಿ ತಲುಪಿದೆ. ಗಡಿಬಿಡಿಯಲ್ಲಿ ಎಲ್ಲ ತಟ್ಟೆಗಳಿಗೂ ಸಕ್ಕರೆ ಹೆಚ್ಚಿದ್ದ ಬಾಟಲಿಯಿಂದಲೇ ಹಾಕಿದ್ದೆ. ಇನ್ನೊಂದು ಬಾಟಲಿ ಮುಟ್ಟದೆ ಹಾಗೇ ಇದ್ದುದನ್ನು ಕಂಡಾಗ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಎರಡರ ಮಟ್ಟವೂ ಸರಿಹೋಗಲೆಂದು ಆ ಬಾಟಲಿಯಿಂದಲೂ ಅಷ್ಟನ್ನೇ ಸಿಂಕಿಗೆ ಸುರಿದೆ.

ಮೂರು ವಾರ ಕಳೆದು ಗ್ರಾಫ್ ಬಂತು. ನನ್ನ ಮಾರ್ಗದರ್ಶಕರು ಅದನ್ನು ಸೋಮವಾರ ಎಲ್ಲರ ಮುಂದೆ ತೋರಿಸುವವರಿದ್ದರು. ಹೇಳಿದರೆ ನಾನು ಕೆಟ್ಟೆ, ಹೇಳದಿದ್ದರೆ ಗ್ರಾಫ್ ಸುಳ್ಳು.

ಅದರ ಹಿಂದಿನ ಶನಿವಾರ, ವಡಾಲದಲ್ಲಿ ನನ್ನ ಜೊತೆಗೇ ಇದ್ದ ಅವ್ವನ ರಕ್ತದ ವರದಿಯೂ ಬಂತು; ಅವಳಿಗೆ ಸಕ್ಕರೆ ಕಾಯಿಲೆ. ಬೆಳಗಿನ ಸಕ್ಕರೆ ಚೆನ್ನಾಗಿತ್ತು, ಮೂರು ತಿಂಗಳ ಸರಾಸರಿ ಮಾತ್ರ ಕೆಟ್ಟಿತ್ತು. ಪರೀಕ್ಷೆಗೆ ಎಂಟು ದಿನ ಮೊದಲಷ್ಟೇ ಅವ್ವ ಬೆಲ್ಲ ಬಿಡುತ್ತಾಳೆಂಬುದು ನನಗೆ ಆಗ ತಿಳಿಯಿತು.

"ಯಾರಿಗ ಮೋಸ ಮಾಡಾಕತ್ತೀ ನೀ?" ಎಂದು ರೇಗಿದೆ.

ಅವ್ವ ಜೋಳದ ಡಬ್ಬಿಯ ಹಿಂದಿನಿಂದ ಬೆಲ್ಲದ ಡಬ್ಬಿ ತಂದು ನನ್ನ ಮುಂದಿಟ್ಟಳು. "ರಿಪೋರ್ಟ್ ಕೆಟ್ಟರ ನಿನ್ನ ಮಾರಿ ನೋಡಾಕ ಅಂಜಿಕಿ ಬರ್ತೈತಿ ನನಗ. ಅದಕ್ಕ ಮುಚ್ಚಿಟ್ಟಿದ್ದೆ. ತಗೋ, ಇನ್ನ ನೀನ ಇಟಗೋ."

ನನಗೆ ನಾಚಿಕೆಯಾಯಿತು. ಡಬ್ಬಿ ತೆಗೆದುಕೊಂಡೆ.

ಸೋಮವಾರ ಸಭೆಗೆ ಮುಂಚೆ ಮಾರ್ಗದರ್ಶಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಸಿಂಕಿನ ಮಾತನ್ನೂ. ಅವರು ಬೈಯಲಿಲ್ಲ. ತಟ್ಟೆಗಳನ್ನೆಲ್ಲ ಎಸೆದು ಮೊದಲಿನಿಂದ ಶುರುಮಾಡು ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಮತ್ತೆ ಅದೇ ಭಾನುವಾರಗಳು, ಅದೇ ಬಾಟಲಿಗಳು.

ಸಂಜೆ ಅವ್ವನಿಗೂ ಎಲ್ಲ ಹೇಳಿದೆ, ಮೊದಲಿನಿಂದ ಮಾಡಬೇಕೆಂಬುದನ್ನೂ.

"ಎಷ್ಟ ದಿನ ಆಗ್ತೈತಿ?"

"ಆರು ತಿಂಗಳಾದ್ರೂ ಬೇಕು."

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಮೂರು ತಿಂಗಳಿಗೆ ನನ್ನ ಪರೀಕ್ಷಾನೂ ಐತಿ," ಎಂದಳು. "ಈ ಸಲ ಇಬ್ಬರೂ ಖರೇನ ಮಾಡೂಣು."